ಹನ್ನೊಂದನೇ ನಂಬರಿನ ರೈಟಣ್ಣ

ಹನ್ನೊಂದನೇ ನಂಬರಿನ ಬಸ್ಸನ್ನು ಒಂದು ಸಲ ಹತ್ತಿ ಇಳಿದವರು ಯಾರೂ ಆ ಕಂಡಕ್ಟರನ ಗಂಟಲನ್ನು ಮರೆತದ್ದಿಲ್ಲ. ಆಳು ನೋಡಿದರೆ ಕಡ್ಡಿ, ಗಂಟಲು ಮಾತ್ರ ಕಂಚು. ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು ಬಿಟ್ಟುಕೊಂಡು ಅವನು "ರೈಟ್" ಅಂದರೆ ಆ ಮಾತು ಅರವತ್ತು ಜನರ ಗದ್ದಲ ಸೀಳಿಕೊಂಡು ಡ್ರೈವರನ ಕಿವಿಗೆ ನೆಟ್ಟಗೆ ಹೋಗಿ ಕೂರುತ್ತಿತ್ತು. ಜೊತೆಗೆ ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಏಟು, ದಬ್ ದಬ್. ಇಷ್ಟಾದರೆ ಬಸ್ಸು ಹೊರಟಿತು ಅಂತಲೇ ಲೆಕ್ಕ. ನಿಲ್ಲಿಸಬೇಕಾದರೆ "ಹೋಲ್ಡಾನ್", ಒಂದೇ ಏಟು. ಹತ್ತೊಂಬತ್ತು ವರ್ಷ ಆ ಬಸ್ಸು ನಡೆದದ್ದು ಡೀಸೆಲ್ಲಿಗಿಂತ ಹೆಚ್ಚಾಗಿ ಈ ಎರಡು ಮಾತಿನ ಮೇಲೆ.

ಹಾಗಾಗಿ ಅವನು ಎಲ್ಲರಿಗೂ ರೈಟಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬಾಯಿಗೆ ಅಂಟಿದ ಮಾತು ಬಸ್ಸಿಳಿದರೂ ಇಳಿಯುತ್ತಿರಲಿಲ್ಲ. ಊಟಕ್ಕೆ ಏಳಿ ಅಂದರೂ ರೈಟ್, ಎಣ್ಣೆ ಮುಗಿದಿದೆ ಅಂದರೂ ರೈಟ್. ಹೆಣ್ಣು ನೋಡಲು ಹೋದಾಗ ಹುಡುಗಿ ಒಪ್ಪಿಗೆಯಾ ಅಂತ ಹಿರಿಯರು ಕೇಳಿದ್ದಕ್ಕೆ ಇವನು ರೈಟ್ ಅಂದು ಪಕ್ಕದ ಗೋಡೆಗೆ ಎರಡು ಏಟು ಹಾಕಿದ್ದನಂತೆ. ಗೋಡೆ ಹೊರಡಲಿಲ್ಲ, ಮದುವೆ ಹೊರಟಿತು ಅಂತ ಅವನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ನಿದ್ದೆಯಲ್ಲೂ ಅವನು ಮಂಚದ ಪಟ್ಟಿಗೆ ಬಡಿದು ರೈಟ್ ಅನ್ನುತ್ತಿದ್ದ, ಅವಳು ನಿದ್ದೆಗಣ್ಣಲ್ಲೇ ಸ್ವಲ್ಪ ಆಚೆ ಸರಿಯುತ್ತಿದ್ದಳು.

ಆ ಹೆಂಡತಿಯ ತಮ್ಮನೇ ಬಸ್ಸಿನ ಡ್ರೈವರ್. ಹದಿನಾಲ್ಕು ವರ್ಷದಿಂದ ಹನ್ನೊಂದನೇ ನಂಬರಿನ ಸ್ಟೇರಿಂಗು ಅವನದೇ. ಮದುವೆ ಗಿದುವೆ ಅಂತ ಕಟ್ಟಿಕೊಳ್ಳದೆ, ಅಕ್ಕನ ಮನೆಯ ಕೆಳಗೆ ಒಂದೇ ಕೋಣೆಯಲ್ಲಿದ್ದುಕೊಂಡು ಮೂರು ಹೊತ್ತೂ ಮೇಲೆ ಬಂದು ಉಣ್ಣುತ್ತಿದ್ದ. ಮಾತು ಕಮ್ಮಿ, ಕೈ ನಿಧಾನ. ಬಸ್ಸಿನ ಎಡಗಡೆಯ ಕನ್ನಡಿ ಒಡೆದು ಆರು ವರ್ಷವಾಗಿತ್ತು, ಹೊಸದು ಕೊಡಿ ಅಂತ ಅವನು ಡಿಪೋದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಭಾವನ ಬಾಯಿ ಇರುವಾಗ ಕನ್ನಡಿ ಯಾಕೆ ಅನ್ನುವುದು ಅವನ ವಾದ. ಹಿಂದಕ್ಕೆ ತೆಗೆಯುವಾಗಲೂ ಅಷ್ಟೆ, ಭಾವ "ಬರ್ಲಿ ಬರ್ಲಿ" ಅನ್ನುತ್ತಿದ್ದರೆ ಕಣ್ಣು ಮುಚ್ಚಿಕೊಂಡು ಬರುತ್ತಿದ್ದ. ಕಿವಿಗೆ ಮಾತು ಬಿದ್ದರೆ ಸಾಕು, ತಲೆಯನ್ನು ಕೇಳದೆ ಅವನ ಕಾಲು ಕ್ಲಚ್ಚು ಬಿಡುತ್ತಿತ್ತು.

ಎಲ್ಲ ಕೆಟ್ಟದ್ದು ಸರ್ಕಾರಕ್ಕೆ ಮಿತವ್ಯಯದ ಹುಚ್ಚು ಹಿಡಿದ ಮೇಲೆ. ಖಜಾನೆ ಖಾಲಿ, ಎಲ್ಲರೂ ಹೊಟ್ಟೆ ಬಟ್ಟೆ ಕಟ್ಟಿಕೊಂಡು ನಡೆಯಬೇಕು ಅಂತ ಹಣಕಾಸು ಮಂತ್ರಿ ಟೀವಿಯಲ್ಲಿ ಹೇಳಿದ. ಹೇಳುವಾಗ ಅವನ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಇಂಥ ಹೊಟ್ಟೆಗೆ ಎಷ್ಟು ಮೀಟರ್ ಬಟ್ಟೆ ಬೇಕು ಅಂತ ಬಸ್ಸಿನಲ್ಲಿ ಹೆಂಗಸರು ಲೆಕ್ಕ ಹಾಕಿ ನಕ್ಕರು. ನಗು ಬಹಳ ದಿನ ಬಾಳಲಿಲ್ಲ. ಹಿಟ್ಟು ಏರಿತು, ಎಣ್ಣೆ ಏರಿತು, ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಿದ್ದ ಮಾತ್ರೆ ನಿಂತಿತು. ಬಸ್ಸಿನ ಟಿಕೆಟ್ಟು ಒಂದೇ ವರ್ಷದಲ್ಲಿ ಮೂರು ಸಲ ಏರಿತು.

ಏರಿಸಿದವರು ಯಾರ ಕೈಗೂ ಸಿಗುವವರಲ್ಲ. ಜನರ ಕೈಗೆ ಸಿಗುತ್ತಿದ್ದ ಸರ್ಕಾರ ಅಂದರೆ ರೈಟಣ್ಣ ಒಬ್ಬನೇ, ಅದೂ ಖಾಕಿ ಅಂಗಿ ಹಾಕಿಕೊಂಡು ಕೈ ಚಾಚಿದರೆ ತಲುಪುವಷ್ಟು ಹತ್ತಿರದಲ್ಲಿ. ಮೊದಲನೇ ಸಲ ಏರಿದಾಗ ಬಾಯಿಗೆ ಬಂದಂತೆ ಬೈಸಿಕೊಂಡ. ಎರಡನೇ ಸಲ ಒಬ್ಬ ಹೆಂಗಸು ಫ್ಲಾಸ್ಕಿನ ಟೀಯನ್ನು ಹಾಗೇ ಎದೆಗೆ ಎರಚಿದಳು, ಬೊಬ್ಬೆ ಎದ್ದಿತು. ಮೂರನೇ ಸಲ ಆಸ್ಪತ್ರೆ ಸ್ಟಾಪಿನ ಹತ್ತಿರ ಒಬ್ಬ ಬಡಗಿ ಹತ್ತಿದ, ಗರಗಸದ ಚೀಲ ಹೆಗಲಿಗೆ ಹಾಕಿಕೊಂಡಿದ್ದ ಗಟ್ಟಿ ಆಳು. ಹೊಸ ರೇಟು ಕೇಳಿದ. ಇನ್ನೊಂದು ಸಲ ಹೇಳು ಅಂದ. ರೈಟಣ್ಣ ಹೇಳಿದ. ಮುಷ್ಟಿ ಬಂದದ್ದು ಕಾಣಲಿಲ್ಲ. ಮೂಗಿನ ಮೂಳೆ ಲಟಕ್ ಅಂದದ್ದು ಮುಂದಿನ ಸೀಟಿನವರಿಗೂ ಕೇಳಿಸಿತು. ಟಿಕೆಟ್ ಮಿಷನ್ನಿನ ಮೇಲೆಲ್ಲ ರಕ್ತ. ಭಾಮೈದ ಬಸ್ಸು ನಿಲ್ಲಿಸಿ, ಸೀಟಿನ ಕೆಳಗಿನ ಜಾಕ್ ರಾಡು ಎಳೆದುಕೊಂಡು ಬಂದು ಬಡಗಿಯ ಮಂಡಿಗೆ ಬೀಸಿದ. ಅಷ್ಟು ಮಾತಿಲ್ಲದ ಹುಡುಗ ಭಾವನ ಮೂಗಿಗಾಗಿ ಅಷ್ಟು ಮಾಡಿದ್ದು ನೋಡಿ ಬಸ್ಸೇ ತಣ್ಣಗಾಯಿತು.

ಮಾರನೇ ದಿನ ಅದೇ ಬಡಗಿ ಕುಂಟುತ್ತಾ ಅದೇ ಸ್ಟಾಪಿನಲ್ಲಿ ಹತ್ತಿದ. ಜೇಬಿನಿಂದ ಹತ್ತಿಯ ಸುರುಳಿ ತೆಗೆದು ಕಂಡಕ್ಟರನ ಕೈಗಿಟ್ಟ.

"ಬೇಜಾರ್ ಮಾಡ್ಕೋಬೇಡ ಕಣಯ್ಯ. ನಾನ್ ಹೊಡ್ದಿದ್ದು ಮಂತ್ರೀಗೆ. ನಿನ್ ಮೂಗು ಅಡ್ಡ ಬಂತು."

"ಮಂತ್ರೀಗೆ ತಲುಪ್ಲಿಲ್ಲ," ಅಂದ ರೈಟಣ್ಣ, ಮೂಗಿನಲ್ಲೇ. "ನನ್ ಸ್ಟಾಪಲ್ಲೇ ಇಳ್ಕೊಂಡ್ಬಿಡ್ತು."

ಅವತ್ತಿನಿಂದ ಇಬ್ಬರೂ ಜಿಗರಿ. ಬಡಗಿಗೆ ಹಿಂದಿನ ಬಾಗಿಲ ಪಕ್ಕದ ಸೀಟು ಖಾಯಂ.

ಹತ್ತೊಂಬತ್ತು ವರ್ಷ ಸರ್ಕಾರದ ಪರವಾಗಿ ಏಟು ತಿಂದವನಿಗೆ ಸರ್ಕಾರ ಕೊಟ್ಟ ಬಹುಮಾನ ಡಿಪೋ ಗೋಡೆಯ ಮೇಲೆ ಒಂದು ಕಾಗದ. ಮಿತವ್ಯಯದ ದೃಷ್ಟಿಯಿಂದ ಕಂಡಕ್ಟರ್ ಹುದ್ದೆಗಳನ್ನು ರದ್ದು ಮಾಡಲಾಗಿದೆ, ಇನ್ನು ಮೇಲೆ ಡ್ರೈವರುಗಳೇ ಟಿಕೆಟ್ ಕೊಡುವುದು. ಇನ್ನೂರು ಜನ ಒಂದೇ ಬೆಳಿಗ್ಗೆ ಮನೆಗೆ. ಅದೇ ವಾರ ಶಾಸನ ಸಭೆಯಲ್ಲಿ ಕೈ ಎತ್ತಿದಷ್ಟೇ ಹೊತ್ತಿನಲ್ಲಿ ಸದಸ್ಯರೆಲ್ಲರಿಗೂ ಹೊಸ ಕಾರು ಪಾಸಾಯಿತು. ಕಾರು ಬಂದ ಮೇಲೆ ದಾರಿ ಬೇಡವೇ? ಮುಖ್ಯ ರಸ್ತೆಯ ಅರ್ಧಕ್ಕೆ ಹಳದಿ ಗೆರೆ ಎಳೆದು, ಅದರೊಳಗೆ ಸದಸ್ಯರ ಕಾರು ಬಿಟ್ಟು ಬೇರೆ ಗಾಡಿ ಬರುವಂತಿಲ್ಲ ಅಂತ ಬೋರ್ಡು ಹಾಕಿದರು. ಉಳಿದ ಅರ್ಧದಲ್ಲಿ ಊರಿಗೆ ಊರೇ ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿತು. ಒಂದು ಬೆಳಿಗ್ಗೆ ಆಂಬುಲೆನ್ಸೊಂದು ಹಳದಿ ಗೆರೆ ದಾಟಿತು ಅಂತ ಪೊಲೀಸರು ಅದರ ಡ್ರೈವರನ್ನು ಎಳೆದು ಹಾಕಿ ರಸ್ತೆಯಲ್ಲೇ ಬಡಿದರು. ಒಳಗಿದ್ದ ಮುದುಕ ಅಲ್ಲೇ ಸತ್ತ. ಊರಿನ ತಾಳ್ಮೆ ಸತ್ತದ್ದು ಆವತ್ತೇ.

ರೈಟಣ್ಣ ಮನೆಯಲ್ಲಿ ಕೂತು ಕೊಳೆಯತೊಡಗಿದ. ಸಂಜೆ ಊಟಕ್ಕೆ ಬಂದ ಭಾಮೈದನನ್ನು ಕಂಡರೆ ಮೈ ಉರಿಯುತ್ತಿತ್ತು. ಪಾಪ, ಅವನ ಪಾಡು ಇನ್ನೊಂದು. ಸ್ಟಾಪಿನಲ್ಲಿ ಜನ ಹತ್ತಿ ಕೂತು ಮುಗಿದರೂ ಇವನು ಸ್ಟೇರಿಂಗು ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದ, ಹಿಂದಿನಿಂದ ಮಾತು ಬರಲಿ ಅಂತ. ಕೊನೆಗೆ ಯಾರಾದರೂ ಪುಣ್ಯಾತ್ಮರು ರೈಟ್ ಅನ್ನಬೇಕು. ಅಂದರೂ ಬಸ್ಸು ಅನುಮಾನದಿಂದಲೇ ಹೊರಡುವುದು. ನಿಮ್ಮ ಭಾವ ಅಂದ ಹಾಗಾಗಲ್ಲ ಬಿಡಿ ಅಂತ ಜನ ರೇಗಿಸುವರು. ಅವನು ಇದನ್ನು ನಗಿಸಲೆಂದು ಹೇಳಿದರೆ ರೈಟಣ್ಣ ತಟ್ಟೆ ಕುಕ್ಕಿ ಎದ್ದುಹೋಗುತ್ತಿದ್ದ.

ಪ್ರತಿಭಟನೆಗೆ ಶಾಸನ ಸಭೆಯ ಮುಂದೆ ಜನ ಸೇರುವುದು ಅಂತ ನಿಗದಿಯಾಗಿದ್ದ ದಿನದ ಹಿಂದಿನ ಸಂಜೆ ಜಗಳ ಹೊತ್ತಿಕೊಂಡಿತು. ನಾಳೆ ಒಂದು ಬಸ್ಸೂ ಆಚೆ ಬರಬಾರದು ಅಂದ ರೈಟಣ್ಣ. ಆಸ್ಪತ್ರೆ ಲೈನು, ದಿನ ಬಿಟ್ಟು ದಿನ ರಕ್ತ ಶುದ್ಧಿ ಮಾಡಿಸಿಕೊಳ್ಳುವವರು ಎಂಟು ಜನ ಇದ್ದಾರೆ, ಅವರು ಹೇಗೆ ಹೋಗಬೇಕು ಅಂತ ಭಾಮೈದ ಕೇಳಿದ.

"ನಾಳೆ ಗಾಡಿ ತೆಗ್ದ್ಯೋ, ಈ ಮನೆ ಮೆಟ್ಲು ಹತ್ಬೇಡ."

"ಹತ್ತಲ್ಲ ಬಿಡಿ ಭಾವ," ಅಂದ ಭಾಮೈದ, ಕೈ ತೊಳೆದುಕೊಳ್ಳುತ್ತಾ. "ಅಕ್ಕ, ಊಟ ಕೆಳಗೇ ಕಳ್ಸು."

ಅವನು ಗಾಡಿ ತೆಗೆದ.

ಬೆಳಿಗ್ಗೆ ಹತ್ತಕ್ಕೆ ಸಭೆಯ ಮುಂದಿನ ವೃತ್ತದಲ್ಲಿ ಎಳ್ಳು ಬಿದ್ದರೆ ನೆಲಕ್ಕೆ ಹೋಗುವಂತಿರಲಿಲ್ಲ. ರೈಟಣ್ಣ, ಬಡಗಿ, ಕೆಲಸ ಕಳೆದುಕೊಂಡ ಕಂಡಕ್ಟರುಗಳು, ಮುಚ್ಚಿದ ಸ್ಕೂಲಿನ ಮೇಷ್ಟರುಗಳು, ಮಾತ್ರೆ ಸಿಗದ ಮುದುಕರು, ಎಲ್ಲ ಒಂದೇ ಬೆವರಿನಲ್ಲಿ ನೆಂದಿದ್ದರು. ಎದುರಿಗೆ ಅಡ್ಡಗಟ್ಟಿದ ಕಬ್ಬಿಣದ ಬೇಲಿ, ಬೇಲಿಯ ಆಚೆ ಗುರಾಣಿ ಹಿಡಿದ ಪೊಲೀಸರು. ಟ್ರಾಫಿಕ್ ಪೊಲೀಸು ನಿಲ್ಲುವ ಕಟ್ಟೆ ಹತ್ತಿ ಒಬ್ಬ ಮೇಷ್ಟರು ಮೈಕು ಹಿಡಿದಿದ್ದ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಕೇಳಿ ಅವನಿಗೆ ಪ್ರಶ್ನೆ ಬಿಟ್ಟರೆ ಬೇರೆ ಭಾಷಣ ಬರುತ್ತಿರಲಿಲ್ಲ.

ಅಷ್ಟರಲ್ಲಿ ಹಳದಿ ಗೆರೆಯೊಳಗೆ ಒಂದು ಹೊಸ ಕಾರು ಹಾರ್ನು ಹೊಡೆಯುತ್ತಾ ನುಗ್ಗಿತು. ಅದಕ್ಕೇನು ಧೈರ್ಯವೋ, ಇಲ್ಲ ಒಳಗಿದ್ದವನಿಗೆ ಕಣ್ಣಿರಲಿಲ್ಲವೋ. ಮೊದಲ ಕಲ್ಲು ಮುಂದಿನ ಗಾಜಿಗೆ ಬಿತ್ತು, ಆಮೇಲಿನದನ್ನು ಎಣಿಸಿದವರಿಲ್ಲ. ಒಳಗಿದ್ದ ಸದಸ್ಯ ಬಾಗಿಲು ತೆರೆದುಕೊಂಡು ಓಡಿದ, ಒಂದು ಬೂಟು ಅಲ್ಲೇ ಉಳಿಯಿತು. ನಾಲ್ಕು ಹೆಜ್ಜೆಗೆ ಅವನನ್ನು ಹಿಡಿದು ಕೆಡವಿದರು. ಪೊಲೀಸರು ಅವನ ಕಾಲು ಹಿಡಿದು ಬೇಲಿಯ ಕೆಳಗಿನಿಂದ ಎಳೆದುಕೊಳ್ಳುವ ಹೊತ್ತಿಗೆ ಅವನ ಕಿವಿಯೊಂದು ಅರ್ಧ ಕಿತ್ತು ನೇತಾಡುತ್ತಿತ್ತು. ಕಾರನ್ನು ಮಗುಚಿ ಬೆಂಕಿ ಇಟ್ಟರು. ರೈಟಣ್ಣನೂ ಕೈ ಹಚ್ಚಿ ಮಗುಚಿದ. ಎಷ್ಟೋ ತಿಂಗಳಿನಿಂದ ಎದೆಯಲ್ಲಿದ್ದ ಭಾರ ಆ ಕಾರಿನ ಜೊತೆಗೆ ಮಗುಚಿಕೊಂಡಂತೆ ಅವನಿಗೆ ಹಗುರವಾಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅವನೇ ಆಮೇಲೆ ಪೊಲೀಸರೆದುರು ಒಪ್ಪಿಕೊಂಡ ಮಾತು.

ಹೊಗೆಯ ಆಚೆ ಹನ್ನೊಂದನೇ ನಂಬರು ಕಾಣಿಸಿತು. ಆಸ್ಪತ್ರೆಗೆ ಹೋಗುವವರನ್ನು ಇಳಿಸಿ ವಾಪಸು ಬರುತ್ತಾ ಜನರ ನಡುವೆ ಸಿಕ್ಕಿಬಿದ್ದಿತ್ತು. ಒಳಗೆ ಭಾಮೈದ ಒಬ್ಬನೇ. ಸೆಲ್ಫ್ ಮೋಟಾರು ಸತ್ತು ತಿಂಗಳಾಗಿತ್ತು, ಮಿತವ್ಯಯದ ಹೆಸರಿನಲ್ಲಿ ಹೊಸದು ಬಂದಿರಲಿಲ್ಲ. ಎಂಜಿನ್ ಆರಿಸಿದರೆ ನೂಕಲು ಹತ್ತು ಜನ ಬೇಕು. ಹಾಗಾಗಿ ಅವನು ಮೊದಲನೇ ಗೇರಿನಲ್ಲಿ ಕ್ಲಚ್ಚು ತುಳಿದುಕೊಂಡೇ, ಜನ ಒಂದು ಗೇಣು ಸರಿದರೆ ತಾನೂ ಒಂದು ಗೇಣು ಸರಿಯುತ್ತಾ ಬೇಲಿಯವರೆಗೆ ಬಂದು ನಿಂತಿದ್ದ. ಇನ್ನು ಮುಂದಕ್ಕೆ ದಾರಿಯಿಲ್ಲ. ಯಾರೋ ಗಾಜಿಗೆ ಹೊಡೆದರು. ಅವನು ತಲೆ ತಗ್ಗಿಸಿ ಹಣೆಯನ್ನು ಸ್ಟೇರಿಂಗಿಗೆ ಒತ್ತಿಕೊಂಡ.

ರೈಟಣ್ಣ ಜನರನ್ನು ಸೀಳಿಕೊಂಡು ಹೋದದ್ದು ಅವನಿಗೆ ಎರಡು ಬಿಡಲಿಕ್ಕೆ. ಆದರೆ ಹಿಂದಿನ ಬಾಗಿಲ ಹತ್ತಿರ ಬರುತ್ತಲೇ ಕಾಲು ತನ್ನಷ್ಟಕ್ಕೆ ಮೆಟ್ಟಿಲ ಮೇಲೆ ಹೋಯಿತು, ಕೈ ಕಂಬಿ ಹಿಡಿಯಿತು. ಮುಂದುಗಡೆ ಬಡಗಿ ಬ್ಯಾನರಿನ ಹಗ್ಗವನ್ನು ಬಸ್ಸಿನ ಬಂಪರಿಗೆ ಕಟ್ಟಲು ಬಗ್ಗಿದ್ದ. ಅದು ಹಿಂದಿನಿಂದ ಕಾಣುವಂತಿರಲಿಲ್ಲ, ತಲೆ ತಗ್ಗಿಸಿದವನಿಗೂ ಕಾಣುವಂತಿರಲಿಲ್ಲ.

ಮೈಕು ಪ್ರಶ್ನೆ ಕೇಳುತ್ತಲೇ ಇತ್ತು.

"ಅವರಿಗೆ ಕಾರು, ನಮಗೆ ಕಾಲು. ಇದು ನ್ಯಾಯಾನಾ?"

ಅಲ್ಲ ಅಂದರು ಸಾವಿರ ಜನ.

"ನಾವು ಕೇಳೋದು ತಪ್ಪಾ?"

ಅಲ್ಲ.

"ಹಾಗಾದ್ರೆ ಒಳಗೇ ಹೋಗಿ ಕೇಳೋಣ್ವಾ?"

ಹೋಗೋಣ ಅಂದರು ಸಾವಿರ ಜನ. ಒಬ್ಬ ಮಾತ್ರ, ಕಂಚಿನ ಗಂಟಲಿನಲ್ಲಿ, "ರೈಟ್" ಅಂದ. ಅಂದು, ತಗಡಿಗೆ ಎರಡು ಏಟು ಹಾಕಿದ. ದಬ್ ದಬ್.

ಬಸ್ಸು ನೆಗೆಯಿತು. ಎರಡೇ ಮೊಳ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಿನ ನಡುವೆ ಇನ್ನೊಂದು ಮೆತ್ತಗಿನ ಸದ್ದಿತ್ತು. ಆಮೇಲೆ ಕಿರುಚಾಟ. ರೈಟಣ್ಣನ ಬಾಯಿಂದ "ಹೋಲ್ಡಾನ್" ಬಂತು, ಬಸ್ಸು ಅದೇ ಕ್ಷಣ ನಿಂತಿತು. ನಿಂತದ್ದು ಬಸ್ಸು ಮಾತ್ರ.

ಬಡಗಿ ಬಂಪರಿಗೂ ಬೇಲಿಗೂ ನಡುವೆ ನಿಂತ ಹಾಗೇ ಇದ್ದ. ಸೊಂಟದ ಮೇಲಿನ ಮೈ ಬಸ್ಸಿನ ಮೂತಿಯ ಮೇಲೆ ಒರಗಿತ್ತು, ಬಾಯಿಂದ ರಕ್ತ ಬುಗ್ಗೆಯಾಗಿ ಹೊರಟು ಹೆಡ್‌ಲೈಟಿನ ಮೇಲೆ ಇಳಿಯುತ್ತಿತ್ತು. ಹಗ್ಗ ಬೆರಳಿಗೆ ಸುತ್ತಿಕೊಂಡೇ ಇತ್ತು. ಬಸ್ಸು ಹಿಂದೆ ತೆಗೆಯಿರಿ ಅಂತ ಯಾರೋ ಕೂಗಿದರು. ತೆಗೆಯುವವನು ಎಲ್ಲಿ? ಅವನನ್ನು ಅಷ್ಟರಲ್ಲಿ ಕಿಟಕಿಯಿಂದ ಎಳೆದು ರಸ್ತೆಗೆ ಹಾಕಿದ್ದರು. ನಲವತ್ತು ಜನ ಸೇರಿ ಬಸ್ಸನ್ನು ಕೈಯಿಂದಲೇ ಹಿಂದಕ್ಕೆ ನೂಕಿದಾಗ ಬಡಗಿ ಮಡಚಿಕೊಂಡು ಕೆಳಗೆ ಬಿದ್ದ. ಆಗಲೇ ಮುಗಿದಿತ್ತು.

ಡ್ರೈವರನನ್ನು ಹೊಡೆದದ್ದು ಹೀಗೆ ಹಾಗೆ ಅಂತ ಹೇಳಲಾಗುವುದಿಲ್ಲ. ಬ್ಯಾನರಿನ ಕೋಲು, ಬೂಟು, ಹೆಲ್ಮೆಟ್ಟು, ಕೈಗೆ ಸಿಕ್ಕಿದ್ದರಿಂದೆಲ್ಲ. ಸರ್ಕಾರದ ಬಸ್ಸು, ಸರ್ಕಾರದ ಖಾಕಿ, ಸರ್ಕಾರವೇ ಕಳಿಸಿದ ಕೊಲೆಗಾರ. ರೈಟಣ್ಣ ಹೋಗಿ ಅವನ ಮೇಲೆ ಅಡ್ಡ ಬಿದ್ದ. ಬೆನ್ನಿಗೆ ನಾಲ್ಕಾರು ಒದೆ ಬಿದ್ದವು, ಪಕ್ಕೆಯಲ್ಲಿ ಏನೋ ಮುರಿಯಿತು. ಆಮೇಲೆ ಯಾರೋ ಗುರುತು ಹಿಡಿದರು.

"ಏ, ನಿಲ್ಸ್ರೋ, ಇವ್ರು ರೈಟಣ್ಣ. ಕೆಲ್ಸ ಕಳ್ಕೊಂಡೋರು, ನಮ್ಮೋರು. ಅಣ್ಣ, ನೀವು ಈ ಕಡೆ ಬನ್ನಿ."

ಮೆಲ್ಲಗೆ, ಮರ್ಯಾದೆಯಿಂದ, ಇಬ್ಬರು ಅವನ ತೋಳು ಹಿಡಿದು ಎತ್ತಿ ಪಕ್ಕಕ್ಕೆ ಕೂರಿಸಿ ಅಂಗಿಯ ಧೂಳು ಕೊಡವಿದರು. ಒಬ್ಬ ನೀರು ಕೊಟ್ಟ. ಉಳಿದವರು ಬಿಟ್ಟಲ್ಲಿಂದ ಮುಂದುವರಿಸಿದರು. ರೈಟ್ ಅಂದದ್ದು ನಾನು ಅನ್ನಲು ರೈಟಣ್ಣ ಬಾಯಿ ತೆರೆದ. ಅರವತ್ತು ಜನರ ಗದ್ದಲ ಸೀಳುತ್ತಿದ್ದ ಆ ಗಂಟಲಿನಿಂದ ಆಗ ಗಾಳಿ ಮಾತ್ರ ಬಂತು. ಅಷ್ಟು ಹೊತ್ತಿಗೆ ಪೊಲೀಸರು ಬೇಲಿ ತೆರೆದು ಲಾಠಿ ಬೀಸುತ್ತಾ ನುಗ್ಗಿದ್ದರು, ಕಣ್ಣು ಉರಿಯುವ ಹೊಗೆ ಬಿಟ್ಟಿದ್ದರು. ಸಿಕ್ಕಿದ ತಲೆಗಳನ್ನೆಲ್ಲ ಒಡೆದು, ನೆಲದಲ್ಲಿ ಬಿದ್ದಿದ್ದ ಡ್ರೈವರನನ್ನು ಮೂಟೆಯ ಹಾಗೆ ಎತ್ತಿ ಹಾಕಿಕೊಂಡು ಹೋದರು.

ಎಡಗಣ್ಣು ಹೋಗಿತ್ತು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಎಚ್ಚರವಾದ ಮೇಲೆ ಪೊಲೀಸರು ಅವನಿಗೆ ಮೊದಲು ಹೇಳಿದ್ದು ನಿನ್ನ ಮೇಲೆ ಕೊಲೆ ಕೇಸಾಗಿದೆ ಅಂತ.

ಮೂರು ದಿನ ರೈಟಣ್ಣ ಮನೆಯಿಂದ ಆಚೆ ಬರಲಿಲ್ಲ. ಮನೆಗೇ ಜನ ಬಂದರು. ಮೊದಲು ಬಂದವನು ಡಿಪೋ ಮ್ಯಾನೇಜರು. ಪ್ರತಿಭಟನೆಯವರು ಡ್ರೈವರನ ಕುತ್ತಿಗೆಗೆ ಚಾಕು ಹಿಡಿದು ಬಸ್ಸು ನುಗ್ಗಿಸಿದರು ಅಂತ ಒಂದು ಹೇಳಿಕೆ ಕೊಟ್ಟರೆ, ಮಿತವ್ಯಯದಲ್ಲೂ ಒಬ್ಬ ಕಂಡಕ್ಟರಿಗೆ ಜಾಗ ಮಾಡಿಸುವುದು ಕಷ್ಟವಲ್ಲ ಅಂದ. ಅವನು ಹೋದ ಮಧ್ಯಾಹ್ನವೇ ಮೈಕಿನ ಮೇಷ್ಟರು ಬಂದ. ಬೇಲಿಯೊಳಗಿಂದ ಮಂತ್ರಿಯ ಕಡೆಯವರು ಸನ್ನೆ ಮಾಡಿದ್ದನ್ನು, ಅದನ್ನು ನೋಡಿಯೇ ಡ್ರೈವರ್ ಬಸ್ಸು ಬಿಟ್ಟದ್ದನ್ನು ಒಬ್ಬ ಕಣ್ಣಾರೆ ಕಂಡವನು ಹೇಳಬೇಕು, ನಿಮ್ಮ ಭಾಮೈದ ಅಂತ ನನಗೂ ಗೊತ್ತು, ಆದರೆ ಊರು ದೊಡ್ಡದಲ್ಲವೇ ಅಂದ. ಇಬ್ಬರಿಗೂ ಕೊಲೆಯೇ ಬೇಕಾಗಿತ್ತು, ಕೊಲೆಗಾರ ಯಾರು ಅನ್ನುವುದರಲ್ಲಷ್ಟೇ ಭೇದ. ಇಬ್ಬರಿಗೂ ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮೂರನೇ ದಿನ ಸಂಜೆ ಹೆಂಡತಿ ಆಸ್ಪತ್ರೆಯಿಂದ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಅವ್ನು ಪೊಲೀಸ್ನೋರ್ಗೆ ಹೇಳಿರೋದು ಒಂದೇ ಮಾತಂತೆ. ರೈಟ್ ಅಂತ ಕೇಳಿಸ್ತು, ಬಿಟ್ಟೆ ಅಂತ. ಅವ್ರು ನಕ್ಕು, ಇರೋ ಒಂದು ಕಣ್ಣಿನ್ ಕಡೆಗೆ ಹೊಡೆದ್ರಂತೆ."

ರೈಟಣ್ಣ ನೆಲ ನೋಡಿದ.

"ಯಾರು ಅಂದ್ರು ಅಂತ ಕೇಳ್ದೆ. ಗೊತ್ತಿಲ್ಲ ಅಂದ. ಸುಳ್ಳು ಹೇಳೋಕೂ ಬರಲ್ಲ ಅವ್ನಿಗೆ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಲ್ಲಿ ಸಾವಿರ ಜನ ಇದ್ರಲ್ಲ. ಅದ್ರಲ್ಲಿ ರೈಟ್ ಅನ್ನೋರು ಎಷ್ಟು ಜನ ರೀ?"

ಉತ್ತರಕ್ಕೆ ಅವಳು ಕಾಯಲಿಲ್ಲ. ತಮ್ಮನಿಗೆ ಒಂದು ಜೊತೆ ಬಟ್ಟೆ ತೆಗೆದುಕೊಂಡು ಬಂದ ದಾರಿಯಲ್ಲೇ ವಾಪಸು ಹೋದಳು.

ಮಾರನೇ ಬೆಳಿಗ್ಗೆ ಬಡಗಿಯ ಹೆಣ ಬಿಟ್ಟುಕೊಟ್ಟರು. ಅವನ ಕೆಲಸದ ಕೊಟ್ಟಿಗೆಯಲ್ಲಿ, ಹತ್ತಡಿ ಉದ್ದದ, ಮರ ಕೀಸುವ ಮೇಜಿನ ಮೇಲೆ ಮಲಗಿಸಿದ್ದರು. ಹೊರಗೆ ಬೀದಿ ತುಂಬಾ ಜನ, ಮೂರು ಸಾವಿರಕ್ಕೆ ಕಮ್ಮಿಯಿಲ್ಲ. ಬೀದಿಯ ಎರಡೂ ತುದಿಯಲ್ಲಿ ಪೊಲೀಸ್ ಜೀಪು. ಡ್ರೈವರನನ್ನು ನೇಣಿಗೆ ಹಾಕಿ, ಇಲ್ಲ ನಮ್ಮ ಕೈಗೆ ಕೊಡಿ ಅಂತ ಕೂಗು. ಆಸ್ಪತ್ರೆಗೇ ಹೋಗೋಣ ಅಂತ ಒಂದು ಗುಂಪು ಆಗಲೇ ಸೀಮೆಎಣ್ಣೆ ಡಬ್ಬಿ ಹಿಡಿದು ನಿಂತಿತ್ತು. ಹೆಂಡತಿ ಅಲ್ಲೇ ವಾರ್ಡಿನಲ್ಲಿ ತಮ್ಮನ ಕಾಲ ಬಳಿ ಕೂತಿರುತ್ತಾಳೆ ಅನ್ನುವುದು ರೈಟಣ್ಣನಿಗೆ ಗೊತ್ತಿತ್ತು.

ಅವನು ಬರುವುದನ್ನು ಕಂಡು ಮೇಷ್ಟರು ಸಂತೋಷದಿಂದ ಜಾಗ ಬಿಡಿಸಿದ. ಕಣ್ಣಾರೆ ಕಂಡವರು ಬಂದಿದ್ದಾರೆ ಅಂತ ಸಾರಿ, ತಾನೇ ಕೈ ಹಿಡಿದು ಬೆಂಚಿನ ಮೇಲೆ ಹತ್ತಿಸಿ ಮೈಕು ಕೊಟ್ಟ.

ರೈಟಣ್ಣ ಮಾತಾಡಿದ್ದು ಸ್ವಲ್ಪವೇ. ಸನ್ನೆ ಯಾರೂ ಮಾಡಲಿಲ್ಲ, ಚಾಕು ಯಾರೂ ಹಿಡಿಯಲಿಲ್ಲ ಅಂದ. ಒಳಗೆ ಹೋಗೋಣ್ವಾ ಅಂತ ಮೇಷ್ಟರು ಕೇಳಿದರು, ನೀವೆಲ್ಲ ಹೋಗೋಣ ಅಂದಿರಿ, ನಾನು ರೈಟ್ ಅಂದೆ, ಅಂದು ತಗಡಿಗೆ ಬಡಿದೆ, ಬಡಿದ ಮೇಲೆ ಬಸ್ಸು ಬಿಡದೇ ಇರುವುದು ಆ ಹುಡುಗನಿಗೆ ಗೊತ್ತಿಲ್ಲ, ಹದಿನಾಲ್ಕು ವರ್ಷ ನಾನೇ ಕಲಿಸಿದ್ದು, ಬಡಗಿಯನ್ನು ಕೊಂದವನು ನಾನು ಅಂದ. ಗಂಟಲು ವಾಪಸು ಬಂದಿತ್ತು. ಬೀದಿಯ ಆ ತುದಿಯ ಜೀಪಿನವರೆಗೂ ಸ್ಪಷ್ಟವಾಗಿ ಕೇಳಿಸಿತು.

ಕೊಟ್ಟಿಗೆಯ ಬಾಗಿಲಿನಿಂದ ಬಡಗಿಯ ಅಣ್ಣ ಬಂದ. ಅವನೂ ಬಡಗಿಯೇ, ಕೈಯಲ್ಲಿ ಉಳಿಗೆ ಹೊಡೆಯುವ ಮರದ ಕೊಡತಿಯಿತ್ತು.

"ಬೇಕು ಅಂತ ಅಂದ್ಯಾ?"

"ಇಲ್ಲಣ್ಣ. ಅಭ್ಯಾಸ."

"ಅಭ್ಯಾಸ," ಅಂದ ಅಣ್ಣ. ಆ ಮಾತನ್ನು ಬಾಯಲ್ಲಿ ಒಂದು ಸಲ ತಿರುಗಿಸಿ ನೋಡಿದ. ರೈಟಣ್ಣನನ್ನು ಕೆಳಕ್ಕೆಳೆದು, ಬಲಗೈಯನ್ನು ಬೆಂಚಿನ ಮೇಲೆ ಒತ್ತಿ ಕೊಡತಿಯಿಂದ ಹೊಡೆದ. ಎರಡನೇ ಏಟಿಗೆ ಬೆರಳುಗಳು ಚಪ್ಪಟೆಯಾದವು. ಆಮೇಲೆ ಬೀದಿ ಬಿದ್ದಿತು ಅವನ ಮೇಲೆ. ಈ ಸಲ ಯಾರೂ ಅಣ್ಣ ಅನ್ನಲಿಲ್ಲ, ನೀರು ಕೊಡಲಿಲ್ಲ. ಸೀಮೆಎಣ್ಣೆ ಡಬ್ಬಿ ಹಿಡಿದವರು ಕೂಡ ಅದನ್ನು ಕೆಳಗಿಟ್ಟು ಹೊಡೆಯಲು ಬಂದರು. ಪೊಲೀಸರು ಬಂದೂಕು ಮೇಲಕ್ಕೆತ್ತಿ ಎರಡು ಗುಂಡು ಹಾರಿಸಿದ ಮೇಲೆ ಜನ ಬಿಟ್ಟರು. ಆಸ್ಪತ್ರೆಯ ಕಡೆಗೆ ಆವತ್ತು ಯಾರೂ ಹೋಗಲಿಲ್ಲ.

ಠಾಣೆಯಲ್ಲಿ ಇನ್ಸ್‌ಪೆಕ್ಟರು ಅವನನ್ನು ಬೆಂಚಿನ ಮೇಲೆ ಕೂರಿಸಿ ತಲೆ ಕೆರೆದುಕೊಂಡ.

"ಏನಪ್ಪಾ ನೀನು. ಮೇಲಿನೋರ್ಗೂ ಕೊಲೆ ಬೇಕು, ಬೀದೀಲಿರೋರ್ಗೂ ಕೊಲೆ ಬೇಕು. ಮಧ್ಯ ನೀನ್ ಬಂದು ಅಭ್ಯಾಸ ಅಂತೀಯ. ಇದಕ್ಕೆ ಯಾವ ಸೆಕ್ಷನ್ ಹಾಕ್ಲಿ ನಾನು?"

"ಬರ್ಕೊಳ್ಳಿ ಸಾರ್," ಅಂದ ರೈಟಣ್ಣ. ಮಾತಿನ ಜೊತೆ ಒಂದು ಹಲ್ಲು ಆಚೆ ಬಂತು.

"ಬರ್ಕೊಳ್ದೆ ಏನ್ ಮಾಡ್ಲಿ? ಮೂರು ಸಾವಿರ ಜನಕ್ಕೆ ಮೈಕಲ್ಲಿ ಹೇಳ್ಬಿಟ್ಟಿದೀಯ. ನುಂಗೋಕಾಗತ್ತಾ? ಮೊದ್ಲು ಬಾಯಿ ಒರೆಸ್ಕೋ."

ಒಂದೂವರೆ ಗಂಟೆ ಬರೆದರು. ಕಾರು ಮಗುಚಿದ್ದೂ ಅದರಲ್ಲಿ ಬಂತು, ಅವನೇ ಬರೆಸಿದ. ಬಲಗೈ ಊದಿ ಗಾಳಿ ತುಂಬಿದ ಚೀಲದಂತಾಗಿತ್ತು, ಎಡಗೈಯಲ್ಲೇ ಸಹಿ ಹಾಕಿದ. ಸಂಬಳದ ಚೀಟಿಯಲ್ಲಿದ್ದ ಹೆಸರನ್ನು ಅಕ್ಷರ ಅಕ್ಷರ ಎಳೆದು ಬರೆಯುವಾಗ ಅದು ಬೇರೆ ಯಾರದೋ ಹೆಸರಿನ ಹಾಗೆ ಕಂಡಿತು.

ಹೆಂಡತಿ ಬಂದು ಆಗಲೇ ಬಾಗಿಲ ಹೊರಗೆ ನಿಂತಿದ್ದಳು. ಯಾರು ಹೇಳಿದರೋ. ಒಳಗೆ ಬಂದವಳು ಗಂಡನ ಕಡೆ ನೋಡಲಿಲ್ಲ, ನೇರವಾಗಿ ಇನ್ಸ್‌ಪೆಕ್ಟರನ್ನು ಕೇಳಿದಳು, ನನ್ನ ತಮ್ಮನನ್ನು ಬಿಡುತ್ತೀರಾ ಅಂತ. ಕೊಲೆ ಕೇಸು ಇನ್ನು ನಿಲ್ಲುವುದಿಲ್ಲ, ನೋಡದೆ ಗಾಡಿ ಬಿಟ್ಟ ತಪ್ಪಿಗೆ ಏನೋ ಸ್ವಲ್ಪ ಉಳಿಯುತ್ತದೆ, ವಾರದಲ್ಲಿ ಜಾಮೀನು ಸಿಗಬಹುದು ಅಂದ ಅವನು. ಇವರು? ಇವರು ಇಲ್ಲೇ, ಎಷ್ಟು ದಿನ ಅಂತ ಹೇಳಲಾಗುವುದಿಲ್ಲ.

ಆಗ ಅವಳು ತಿರುಗಿ ಗಂಡನನ್ನು ನೋಡಿದಳು. ಒಡೆದ ತುಟಿ, ಮುಚ್ಚಿಹೋದ ಕಣ್ಣು, ಆ ಕೈ, ಒಂದೊಂದನ್ನೇ. ಅಳಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವನ ಎಡಗೈಗೆ ಸಿಗುವಂತೆ ಸರಿಸಿದಳು.

"ಊಟ ತರ್ತೀನಿ," ಅಂದಳು. "ಮೊದ್ಲು ಅವ್ನಿಗೆ ಕೊಟ್ಟು ಆಮೇಲೆ ಇಲ್ಲಿಗೆ. ಲೇಟಾಗತ್ತೆ. ಬಸ್ಸಿಲ್ಲ, ಎರಡ್ ಕಡೇಗೂ ನಡ್ಕೊಂಡೇ ಬರ್ಬೇಕು."